ಅನ್ನ ಹಾಕಲು ತರಬೇತಿ ಏಕೆ?

ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಚರ್ಚುಗಳ ವಿಪತ್ತು ಪರಿಹಾರ ಸ್ವಯಂಸೇವಕರ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ಗೋಕಾಕದ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. 2019ರ ಪ್ರವಾಹದಲ್ಲಿ ತಮ್ಮೂರಿಗೆ ರೊಟ್ಟಿಯ ಗಂಟು ಹೊತ್ತು ಬಂದವರಾರೂ ಪ್ರಮಾಣಪತ್ರ ಪಡೆದವರಲ್ಲ, ಹಸಿದವರಿಗೆ ಅನ್ನ ಹಾಕಲು ತರಬೇತಿ, ಗುರುತಿನ ಚೀಟಿ, ಪೂರ್ವಾಪರ ವಿಚಾರಣೆ ಇವೆಲ್ಲ ಏಕೆ ಎಂದು ಕೇಳಿದ್ದಾರೆ. ಈ ಸೇವೆ ಮತಪ್ರಚಾರದ ಮುಸುಕಲ್ಲವೇ ಎಂಬ ಸಂಶಯವನ್ನೂ, ತಮ್ಮೂರಿನ ಹುಡುಗರು ಇಂಥ ಕೆಲಸ ಕಲಿಯಲು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯನ್ನೂ ಮುಂದಿಟ್ಟಿದ್ದಾರೆ.

ಮಾನ್ಯರೇ,

ರೊಟ್ಟಿ ತಂದವರ ಅಂತಃಕರಣದ ಬಗ್ಗೆ ನಮಗೆ ಅಪಾರ ಗೌರವವಿದೆ. ಈ ಬ್ಯಾಪ್ಟಿಸ್ಟರು ಆರಂಭಿಸಿದ್ದೂ ಹಾಗೆಯೇ. 1967ರಲ್ಲಿ ಬ್ಯೂಲಾ ಚಂಡಮಾರುತವು ಟೆಕ್ಸಾಸಿನ ರಿಯೋ ಗ್ರಾಂಡೆ ಕಣಿವೆಯನ್ನು ಹಾಳುಗೆಡವಿದಾಗ ಅಲ್ಲಿಗೆ ಧಾವಿಸಿದ ಟೆಕ್ಸಾಸ್ ಬ್ಯಾಪ್ಟಿಸ್ಟರು ತಗಡಿನ ಡಬ್ಬಿಗಳಿಂದ ಮಾಡಿದ ಪುಟ್ಟ ಒಲೆಗಳ ಮೇಲೆ ಬಿಸಿ ಅಡುಗೆ ಮಾಡಿ ಬಡಿಸಿದ್ದರು. ಆದರೆ 2005ರ ಕತ್ರಿನಾ ಚಂಡಮಾರುತದ ಹೊತ್ತಿಗೆ ಅವರ ಸಂಚಾರಿ ಅಡುಗೆಮನೆಗಳು ಒಂದು ಕೋಟಿಗೂ ಹೆಚ್ಚು ಊಟಗಳನ್ನು ಸಿದ್ಧಪಡಿಸುವ ಮಟ್ಟಕ್ಕೆ ಬೆಳೆದಿದ್ದವು. ಅಷ್ಟು ದೊಡ್ಡ ಅಡುಗೆಯಲ್ಲಿ ಕೈಯಳತೆಯ ಅಂದಾಜು ನಡೆಯುವುದಿಲ್ಲ. ಸಾಮಾನ್ಯವಾಗಿ ರೆಡ್ ಕ್ರಾಸ್ ಸಂಸ್ಥೆ ದಿನಸಿ ಒದಗಿಸುತ್ತದೆ, ಬ್ಯಾಪ್ಟಿಸ್ಟರು ಯಾವುದೋ ಚರ್ಚಿನ ವಾಹನ ನಿಲುಗಡೆಯ ಬಯಲಿನಲ್ಲಿ ಬೇಯಿಸುತ್ತಾರೆ, ಶಾಖ ಹಿಡಿದಿಡುವ ಪೆಟ್ಟಿಗೆಗಳಲ್ಲಿ ತುಂಬಿದ ಆ ಊಟವನ್ನು ರೆಡ್ ಕ್ರಾಸ್ ವಾಹನಗಳು ಬಡಾವಣೆಗಳಿಗೆ ಒಯ್ಯುತ್ತವೆ. ಬೆಳಿಗ್ಗೆ ಬೇಯಿಸಿದ್ದು ಮಧ್ಯಾಹ್ನ ಇನ್ನೆಲ್ಲೋ ಇರುವ ಬಾಯಿಗೆ ಸೇರುವುದರಿಂದ, ಬಿಸಿ ಪದಾರ್ಥದ ಶಾಖ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತೆ ಉಷ್ಣಮಾಪಕ ಚುಚ್ಚಿ ನೋಡಬೇಕು, ಅದನ್ನು ಬರೆದಿಡಬೇಕು. ಕುಡಿಯುವ ನೀರಿಗೂ ಶೌಚಾಲಯಕ್ಕೂ ಪರದಾಡುತ್ತಿರುವ ಆಶ್ರಯ ಶಿಬಿರದಲ್ಲಿ ಹಳಸಿದ ಒಂದು ಪಾತ್ರೆ ಸಾರು ಏನು ಮಾಡಬಲ್ಲದೆಂಬುದನ್ನು ಪ್ರವಾಹ ಕಂಡ ನಿಮಗೆ ನಾವು ವಿವರಿಸಬೇಕಾಗಿಲ್ಲ.

ಅಡುಗೆಗಿಂತಲೂ ಹೆಚ್ಚಿನ ತಿಳಿವಳಿಕೆ ಬೇಡುವುದು ನೀರಿಳಿದ ಮನೆಗಳ ಕೆಲಸ. ಅಮೆರಿಕದ ಬಹುಪಾಲು ಮನೆಗಳ ಗೋಡೆ ಕಲ್ಲಿನದಲ್ಲ. ಮರದ ಚೌಕಟ್ಟು, ಅದರ ಮೇಲೆ ಜಿಪ್ಸಂ ಹಲಗೆ, ನಡುವೆ ಚಳಿ ತಡೆಯುವ ಹತ್ತಿಯಂಥ ಹೊದಿಕೆ. ನೆರೆ ಇಳಿದರೂ ಆ ಹೊದಿಕೆ ನೀರನ್ನು ಹಿಡಿದುಕೊಂಡೇ ಇರುತ್ತದೆ, ಒಂದೆರಡು ದಿನಗಳಲ್ಲಿ ಬೂಷ್ಟು ಹಿಡಿಯಲು ತೊಡಗುತ್ತದೆ. ಆದ್ದರಿಂದ ತಂಡದವರು ಮನೆಯ ಸಾಮಾನನ್ನೆಲ್ಲ ಹೊರಗಿಟ್ಟು, ನೀರು ನಿಂತ ಗುರುತಿಗಿಂತ ಮೇಲಕ್ಕೆ ಗೋಡೆಯನ್ನು ಕತ್ತರಿಸಿ ತೆಗೆದು, ಕೆಸರು ಬಾಚಿ ಹೊರಹಾಕಿ, ಚೌಕಟ್ಟಿಗೆ ಬೂಷ್ಟುನಾಶಕ ಸಿಂಪಡಿಸಿ, ಮರ ಪೂರ್ತಿ ಒಣಗಲು ಬಿಡುತ್ತಾರೆ. ಅವಸರಪಟ್ಟು ಒದ್ದೆ ಮರದ ಮೇಲೆ ಹೊಸ ಹಲಗೆ ಹೊಡೆದರೆ ಗೋಡೆಯೊಳಗೇ ಬೂಷ್ಟು ಬೆಳೆದು ಆ ಮನೆ ಮತ್ತೆ ಕೆಡುತ್ತದೆ. ಕೆಸರು ಮೆತ್ತಿದ ಫೋಟೋ ಆಲ್ಬಮ್ಮನ್ನು ಕಸದ ಗುಡ್ಡೆಗೆ ಎಸೆಯುವ ಮುನ್ನ ಮನೆಯವರನ್ನು ಕೇಳಬೇಕು ಎಂಬುದೂ ಕಲಿಯಬೇಕಾದ ಮಾತೇ, ಏಕೆಂದರೆ ದಿನವಿಡೀ ಕಸ ಹೊತ್ತ ಕೈಗೆ ಎಲ್ಲವೂ ಕಸವಾಗಿಯೇ ಕಾಣತೊಡಗುತ್ತದೆ.

ಬಿದ್ದ ಮರಗಳನ್ನು ಯಂತ್ರಗರಗಸದಿಂದ ಕಡಿಯುವ ತಂಡಗಳ ವಿಷಯದಲ್ಲಿ ತರಬೇತಿ ಪ್ರಾಣದ ಪ್ರಶ್ನೆ. ಬಾಗಿ ಸಿಕ್ಕಿಕೊಂಡ ಕೊಂಬೆಯನ್ನು ತಪ್ಪು ಕಡೆಯಿಂದ ಕೊಯ್ದರೆ ಅದು ಸಿಡಿದು ಕೊಯ್ಯುವವನಿಗೇ ಬಡಿಯುತ್ತದೆ. ಈ ಸ್ವಯಂಸೇವಕರಲ್ಲಿ ಅನೇಕರು ನಿವೃತ್ತರು, ಅರವತ್ತು ದಾಟಿದವರು ಎಂಬುದನ್ನು ನೆನೆದರೆ ಶಿಸ್ತಿನ ಅಗತ್ಯ ಇನ್ನೂ ಸ್ಪಷ್ಟವಾದೀತು. ಪೂರ್ವಾಪರ ವಿಚಾರಣೆಯ ಕಾರಣ ಸರಳವಾದದ್ದು. ಇವರು ಬಾಗಿಲು ಮುರಿದ ಮನೆಗಳೊಳಗೆ ಹೋಗುತ್ತಾರೆ, ಕೆಲವು ತಂಡಗಳು ಸಂತ್ರಸ್ತರ ಮಕ್ಕಳನ್ನೂ ನೋಡಿಕೊಳ್ಳುತ್ತವೆ.

ಇನ್ನು ನಿಮ್ಮ ಸಂಶಯ. ಅವರು ತಮ್ಮ ನಂಬಿಕೆಯನ್ನು ಮರೆಮಾಚುವುದಿಲ್ಲ. ತಂಡಗಳಲ್ಲಿ ಧರ್ಮಗುರುಗಳ ಕೆಲಸಕ್ಕೆಂದೇ ತರಬೇತಾದವರು ಇರುತ್ತಾರೆ, ಕೆಲಸ ಮುಗಿದಾಗ ಎಲ್ಲರೂ ಸಹಿ ಮಾಡಿದ ಬೈಬಲನ್ನು ಮನೆಯವರಿಗೆ ಕೊಡುವ ರೂಢಿಯೂ ಇದೆ, ಸುವಾರ್ತೆ ಸಾರುವುದು ತಮ್ಮ ಕರ್ತವ್ಯವೆಂದೇ ಅವರು ತಿಳಿಯುತ್ತಾರೆ. ಆದರೆ ನೆರವಿಗೆ ಹಣವನ್ನಾಗಲಿ ನಂಬಿಕೆಯನ್ನಾಗಲಿ ಪ್ರತಿಯಾಗಿ ಕೇಳುವುದಿಲ್ಲ. ವಿಪತ್ತಿಗೆ ಸಿಕ್ಕವರ ಅಸಹಾಯಕತೆಯನ್ನು ಯಾರೂ ದುರುಪಯೋಗ ಮಾಡಿಕೊಳ್ಳಬಾರದೆಂಬುದು ಆ ದೇಶದ ವಿಪತ್ತು ಸೇವಾ ಸಂಸ್ಥೆಗಳ ಒಕ್ಕೂಟ ಒಪ್ಪಿಕೊಂಡ ನಿಯಮ. ದುಃಖದಲ್ಲಿರುವವರ ಕೈಗೆ ಧರ್ಮಗ್ರಂಥ ಕೊಡುವುದು ತರವೇ ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ, ಅದನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಆ ಒಂದು ಕಾರಣಕ್ಕೆ ಇಡೀ ಸೇವೆಯನ್ನು ಮುಸುಕೆಂದು ಕರೆಯುವುದು ಕೆಸರು ಬಾಚಿದ ಕೈಗಳಿಗೆ ಮಾಡುವ ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ನಿಮ್ಮೂರಿನ ಹುಡುಗರು ಕಲಿಯಲು ಚರ್ಚನ್ನಾಗಲಿ ಅಮೆರಿಕವನ್ನಾಗಲಿ ಹುಡುಕಬೇಕಾಗಿಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲಿ ಆರಂಭಿಸಿದ ‘ಆಪದ ಮಿತ್ರ’ ಯೋಜನೆ ಸ್ಥಳೀಯ ಸ್ವಯಂಸೇವಕರಿಗೆ ರಕ್ಷಣಾ ಕಾರ್ಯ, ಪ್ರಥಮ ಚಿಕಿತ್ಸೆಗಳನ್ನು ಕಲಿಸುತ್ತದೆ. ಬೆಳಗಾವಿಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದಲ್ಲಿ ಮುಂದಿನ ತಂಡದ ಬಗ್ಗೆ ವಿಚಾರಿಸಿ. ಘಟಪ್ರಭೆ ತುಂಬುವ ಮೊದಲೇ, ಬೇಸಿಗೆಯಲ್ಲೇ ವಿಚಾರಿಸಿದರೆ ಒಳಿತು.

— ಸಂಪಾದಕ