ಸೀಟು ಬಿಗಿಸುವ ಮೊದಲು ಕೇಳಿದ್ದು ಒಳ್ಳೆಯದಾಯ್ತು

ಮಂಗಳೂರಲ್ಲಿ ಹಳೆ ಟ್ರಾವೆಲರ್ ವ್ಯಾನ್ ತಗೊಂಡಿದ್ದೀರಿ. ಆರ್‌ಸಿಯಲ್ಲಿ ಡ್ರೈವರ್ ಬಿಟ್ಟು 12 ಸೀಟು. ನಮ್ಮ ಕಾಸರಗೋಡಿನ ಪೆರ್ಲದಲ್ಲಿಟ್ಟು ಬಾಡಿಗೆಗೆ ಓಡಿಸಬೇಕು, ಹಿಂದೆ ಇನ್ನೆರಡು ಸೀಟು ಹಾಕಿ ಕಾಗದ ಸರಿ ಮಾಡಿಸಬಹುದಾ ಅಂತ ನಿಮ್ಮ ಪ್ರಶ್ನೆ. ಕೆಲವು ಗಾಡಿಗೆ ಆಗುತ್ತದೆ, ಎಲ್ಲದಕ್ಕೂ ಇಲ್ಲ.

ಇಲ್ಲಿ ಎರಡು ಸೀಟಿಗೆ ಇಷ್ಟು ಆಸೆ ಯಾಕೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕಚೇರಿಯ ಕೆಲಸ ಅತ್ತ ಹೋಯಿತು. ನಮ್ಮ ಓಡಾಟ ಮಾತ್ರ ಮಂಗಳೂರು, ಪುತ್ತೂರಿನ ಕಡೆಗೇ ಉಳಿಯಿತು. ದೊಡ್ಡ ಕಾಯಿಲೆ ಅಂದ್ರೆ ಮಂಗಳೂರು. ಮದುವೆ ದಿಬ್ಬಣ ಅಂದ್ರೆ ವಿಟ್ಲದ ಆಚೆ. ಹರಕೆ ಅಂದ್ರೆ ಕಟೀಲು, ಧರ್ಮಸ್ಥಳ. ಒಂದು ಮನೆಯವರು ಹೊರಟರೆ 12ಕ್ಕೆ ನಿಲ್ಲುವುದಿಲ್ಲ, ಅಜ್ಜಿ, ಮಕ್ಕಳು, ಪಕ್ಕದ ಮನೆಯವರು ಸೇರಿ 15 ಆಗಿಯೇ ಆಗುತ್ತದೆ.

ಈಗ ಕಾನೂನಿಗೆ ಬರೋಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಹೇಳಿದ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. ಇದನ್ನು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಗಟ್ಟಿಯಾಗಿ ಹೇಳಿತು. ಆ ಕೇಸು ಹೋದದ್ದು ನಮ್ಮ ಕೇರಳದಿಂದಲೇ. ಹಾಗಾಗಿ ಮೊದಲು ಕೇಳಬೇಕಾದ್ದು ವೆಲ್ಡಿಂಗ್‌ನವನನ್ನಲ್ಲ, ಗಾಡಿಯ ಡೀಲರನ್ನು. ಟ್ರಾವೆಲರ್ ಬೇರೆ ಬೇರೆ ಸೀಟಿನ ಲೆಕ್ಕದಲ್ಲಿ ಬರುತ್ತದೆ. ನಿಮ್ಮ ಚಾಸಿಸ್ಸಿನ ಅದೇ ಉದ್ದದ ಮಾಡೆಲ್‌ಗೆ 14 ಸೀಟಿನ ಒಪ್ಪಿಗೆಯನ್ನು ಕಂಪನಿ ಪಡೆದಿದ್ದರೆ ನಿಮಗೆ ದಾರಿ ಇದೆ. ಅದರ ಕಾಗದವನ್ನೂ ಸೀಟಿನ ನಕ್ಷೆಯನ್ನೂ ಕೇಳಿ ಪಡೆಯಿರಿ. ಕಂಪನಿಯೇ ಅಷ್ಟು ಸೀಟು ಮಾಡಿಲ್ಲ ಅಂತಾದರೆ ಅಲ್ಲಿಗೇ ಬಿಟ್ಟುಬಿಡಿ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಡ್ರೈವರ್ ಬಿಟ್ಟು 12 ಜನರವರೆಗೆ ಮಾತ್ರ ಅದು ಮ್ಯಾಕ್ಸಿಕ್ಯಾಬ್. 13ನೇ ಸೀಟು ಬಂದ ಕೂಡಲೇ ಗಾಡಿಯ ಜಾತಿಯೇ ಬದಲಾಗುತ್ತದೆ. ಪರ್ಮಿಟ್ ಬೇರೆ, ತೆರಿಗೆ ಬೇರೆ, ಬಸ್ಸಿನ ಬಾಡಿಯ ನಿಯಮವೂ ಎದುರಿಗೆ ಬರುತ್ತದೆ. ಬಾಡಿಗೆ ಗಾಡಿಗೆ ತೆರಿಗೆ ಸೀಟಿನ ಲೆಕ್ಕದಲ್ಲಿ. ಎರಡು ಸೀಟಿನ ಬಾಡಿಗೆಯಲ್ಲಿ ಇದೆಲ್ಲ ಹುಟ್ಟುತ್ತದಾ ಅಂತ ಕೂತು ಲೆಕ್ಕ ಹಾಕಿ. ನನಗೆ ಅನುಮಾನ ಉಂಟು.

ಹಾಕುವುದೇ ಅಂತಾದರೆ ಮೊದಲು ಗಾಡಿಯನ್ನು ಈಚೆಗೆ ತನ್ನಿ. ಕೆಎ 19, ಅಂದ್ರೆ ಮಂಗಳೂರು ನಂಬರಿನ ಗಾಡಿ ಇಲ್ಲೇ 12 ತಿಂಗಳಿಗಿಂತ ಜಾಸ್ತಿ ಇರುವುದಾದರೆ ಹೇಗೂ ಕಾಸರಗೋಡಿನ ಕೆಎಲ್ 14 ನಂಬರು ಮಾಡಿಸಲೇಬೇಕು, ಅದಕ್ಕೆ ಮಂಗಳೂರು ಆರ್‌ಟಿಒದ ಎನ್‌ಒಸಿ, ಅಂದ್ರೆ ಆಕ್ಷೇಪ ಇಲ್ಲ ಅನ್ನುವ ಪತ್ರ ಬೇಕು. ಆಮೇಲೆ ಕಾಸರಗೋಡು ಆರ್‌ಟಿಒಗೆ ಅರ್ಜಿ. ಒಪ್ಪಿಗೆ ಕೈಗೆ ಬಂದ ಮೇಲೆಯೇ ಸೀಟು ಬಿಗಿಸಬೇಕು. ಬಿಗಿಸಿದ 14 ದಿನದೊಳಗೆ ಆರ್‌ಸಿ ಸಮೇತ ತಿಳಿಸಬೇಕು, ಗಾಡಿ ತೋರಿಸಬೇಕು. ಸಾಲ ಇದ್ದರೆ ಫೈನಾನ್ಸಿನವರಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಕೊನೆಗೆ ಇನ್ಶೂರೆನ್ಸಿನಲ್ಲೂ ಪರ್ಮಿಟ್ಟಿನಲ್ಲೂ ಅದೇ ಸಂಖ್ಯೆ ಬರಬೇಕು.

ನನ್ನ ಸೋದರಮಾವ ಇದನ್ನೆಲ್ಲ ಬಿಟ್ಟು ಸುಮ್ನೆ ಒಂದು ಬೆಂಚು ಹಾಕಿಸಿದ್ದರು. ಪ್ಲೈವುಡ್, ಮೇಲೆ ಕೆಂಪು ರೆಕ್ಸಿನ್, ಹಿಂದಿನ ಬಾಗಿಲಿಗೆ ಅಡ್ಡ. ಗಾಡಿಯ ಫಿಟ್ನೆಸ್ ಪರೀಕ್ಷೆಯ ದಿನ ಇನ್‌ಸ್ಪೆಕ್ಟರ್ ಒಂದು ಮಾತೂ ಆಡಲಿಲ್ಲ. ಬಗ್ಗಿ, ಬೆಂಚಿನ ಅಡಿಗೆ ಕೈ ಹಾಕಿ ಒಮ್ಮೆ ಅಲ್ಲಾಡಿಸಿದರು. ಸ್ಕ್ರೂ ನೆಲದ ತಗಡಿನಿಂದ ಎದ್ದು ಬಂತು, ಜೊತೆಗೆ ಒಂದು ಚಿಟಿಕೆ ತುಕ್ಕಿನ ಪುಡಿ. ಕಂಪನಿಯ ಸೀಟಿನ ಬೋಲ್ಟು ಗಟ್ಟಿ ಬ್ರ್ಯಾಕೆಟ್ಟಿಗೆ ಕೂರುತ್ತದೆ, ಇದು ಬರೀ ತಗಡಿಗೆ ಕೂತಿತ್ತು. ಬ್ರೇಕ್ ಹಾಕಿದಾಗ ಮೂರು ಜನರ ಭಾರ ಅದರ ಮೇಲೆ ಬಿದ್ದಿದ್ದರೆ? ಮಾವನ ಮುಖ ಬಿಳಚಿಕೊಂಡಿತ್ತು. ಹಿಂದಿನ ಭಾನುವಾರ ತಾನೇ ಅದರಲ್ಲಿ ನನ್ನ ತಂಗಿಯ ಮಕ್ಕಳು ಕೂತು ಮಧೂರಿಗೆ ಹೋಗಿದ್ದರು. ಅಲ್ಲೇ ಮೈದಾನದಲ್ಲಿ ಕುಕ್ಕರುಗಾಲಲ್ಲಿ ಕೂತು ಬೆಂಚು ಬಿಚ್ಚಿದರು. ಈಗ ಅದು ನಮ್ಮ ಚಾವಡಿಯಲ್ಲಿದೆ, ಅಡಿಕೆ ಸುಲಿಯಲು ಅದರ ಮೇಲೆ ಕೂರುತ್ತೇವೆ.

ದಂಡದ ಹೆದರಿಕೆ ಇದ್ದದ್ದೇ. ಆರ್‌ಸಿ ಮೀರಿ ಕೂರಿಸಿದರೆ ಕೇಂದ್ರದ ಕಾಯ್ದೆಯಲ್ಲಿ ತಲೆಗೆ 200 ರೂಪಾಯಿ, ಗಾಡಿಯ ಮಾರ್ಪಾಟಿಗೆ ಒಂದೊಂದಕ್ಕೆ 5000 ರೂಪಾಯಿ, ಜೈಲಿಗೂ ಅವಕಾಶ ಇದೆ. ತಲಪಾಡಿ ದಾಟುವ ನಮ್ಮಂಥವರ ತಲೆ ಎಣಿಸುವುದಕ್ಕೆ ಎರಡು ರಾಜ್ಯದವರು. ಆದರೆ ನನಗೆ ದೊಡ್ಡ ಹೆದರಿಕೆ ವಿಮೆಯದ್ದು. 42 ಜನರ ವಿಮೆ ಇದ್ದ ಬಸ್ಸಿನಲ್ಲಿ 90 ಜನ ಇದ್ದ ಹಿಮಾಚಲದ ಅಪಘಾತದಲ್ಲಿ, ವಿಮಾ ಕಂಪನಿಯ ಹೊಣೆ 42 ಜನರ ಲೆಕ್ಕಕ್ಕೆ ಮಾತ್ರ ಅಂತ ಸುಪ್ರೀಂ ಕೋರ್ಟು 2007ರಲ್ಲಿ ಹೇಳಿತು. ಉಳಿದದ್ದು ಮಾಲೀಕನ ತಲೆಗೆ. ನಮ್ಮಲ್ಲಿ ಗಾಡಿಯಲ್ಲಿ ಕೂತವರು ಯಾರು? ನೆಂಟರು, ನೆರೆಯವರು. ಅವರ ಮನೆಗೆ ಹೋಗಿ ಏನು ಹೇಳುವುದು ಮಾರಾಯ್ರೇ?

ಆರ್‌ಟಿಒ ಕೌಂಟರಿನಲ್ಲಿ ಮಾತು ಮಲಯಾಳದಲ್ಲಿ, ಫಾರಂ ಇಂಗ್ಲಿಷಿನಲ್ಲಿ. ಕನ್ನಡ ಬಲ್ಲ ಸಿಬ್ಬಂದಿಯೂ ಸಿಗುತ್ತಾರೆ, ಎಲ್ಲ ದಿನ ಅಲ್ಲ. ನೀವು ಮೊದಲು ಆರ್‌ಸಿಯ ಪ್ರತಿ ಹಿಡಿದು ಡೀಲರ್ ಹತ್ರ ಹೋಗಿ ಬನ್ನಿ. ಅವರು 14ರ ಕಾಗದ ಕೊಟ್ಟರೆ ಹೇಳಿ, ನಾನು ಬದಿಯಡ್ಕದಲ್ಲಿ ಬಸ್ಸು ಹತ್ತಿ ಬರುತ್ತೇನೆ. ಒಟ್ಟಿಗೆ ಹೋಗಿ ಕೇಳೋಣ.