ಕರಿ ಕೋಟು ತೆಗೆದಿಟ್ಟ ಮಗಳು ಇನ್ನೂ ವಕೀಲಳೇ

ಮಾನ್ಯರೇ, ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನು ಮೊದಲು ಹೇಳುತ್ತೇನೆ. ನೀವು ಕುಮಟಾದಲ್ಲಿ ಸಣ್ಣದೊಂದು ಗೇರುಬೀಜದ ಕಾರ್ಖಾನೆ ನಡೆಸುತ್ತೀರಿ. ಮಗಳು ಕಾನೂನು ಓದಿ ಕಾರವಾರದ ಜಿಲ್ಲಾ ನ್ಯಾಯಾಲಯದಲ್ಲಿ ಹಿರಿಯ ವಕೀಲರೊಬ್ಬರ ಜೊತೆ ಎರಡು ವರ್ಷ ಇದ್ದಳು. ಈಗ ಬೆಂಗಳೂರಿನ ಕಂಪನಿಯೊಂದರ ಲೀಗಲ್ ವಿಭಾಗ ಸೇರಿದ್ದಾಳೆ. ಕಂಪನಿಯೊಳಗಿನ ವಕೀಲರು ಈಗ ಎಂ.ಡಿ. (ವ್ಯವಸ್ಥಾಪಕ ನಿರ್ದೇಶಕ) ಪಕ್ಕದ ಕುರ್ಚಿಗೆ ಬಂದಿದ್ದಾರೆ ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದು ನಿಮಗೆ ಹಿಡಿಸಿಲ್ಲ. ‘ಕೋರ್ಟಿಗೆ ಹೋಗದ ವಕೀಲ ಎಂಥ ವಕೀಲ? ಸಂಬಳ ಕೊಡುವವನ ಎದುರು ನಿಂತು ನಮ್ಮ ಕೂಸು ಬೇಡ ಅಂತ ಹೇಳೋದುಂಟಾ? ನಾಳೆ ಸಾಕು ಅನ್ನಿಸಿದರೆ ಕಾರವಾರಕ್ಕೆ ವಾಪಸ್ ಬರಬಹುದಾ?’ ಎಂದು ಕೇಳಿದ್ದೀರಿ. ಜೊತೆಗೆ ನಿಮ್ಮ ಮಾಲು ಕೊಳ್ಳುವ ಮುಂಬೈ ಕಂಪನಿಯ ಅಗ್ರಿಮೆಂಟ್ ಬಗ್ಗೆಯೂ ಸಿಟ್ಟಾಗಿದ್ದೀರಿ: ಹಣ 90 ದಿನಕ್ಕೆ, ತಕರಾರು ಇದ್ದರೆ ಮುಂಬೈ ಕೋರ್ಟಿಗೆ. ‘ಇಂಥದ್ದು ಬರೆಯೋದೇ ಕಂಪನಿ ವಕೀಲರ ಕೆಲಸ ಅಲ್ವಾ?’ ಎಂಬುದು ನಿಮ್ಮ ಮಾತು.

ಇದು ಬರೀ ನಿಮ್ಮ ಮನೆಯ ಪ್ರಶ್ನೆ ಅಲ್ಲ. ಶಿರಸಿ, ಕುಮಟಾ, ಹೊನ್ನಾವರದ ಎಷ್ಟೋ ಮನೆಗಳಲ್ಲಿ ಈ ಮಾತು ನಡೆಯುತ್ತಿದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಒಂದು ಕಾಲಕ್ಕೆ ನೀವು ಹೇಳುವುದು ಸರಿಯೇ ಇತ್ತು. ಲಾ ಆಫೀಸರ್ ಅಂದರೆ ಕೇಸಿನ ಫೈಲನ್ನು ಹೊರಗಿನ ವಕೀಲರಿಗೆ ಮುಟ್ಟಿಸುವವರು, ಮುಂದಿನ ತಾರೀಖು ಡೈರಿಯಲ್ಲಿ ಬರೆದುಕೊಳ್ಳುವವರು, ಬಾಡಿಗೆ ಕರಾರಿಗೆ ಸ್ಟ್ಯಾಂಪ್ ಪೇಪರ್ ಹೊಂದಿಸುವವರು. ವ್ಯವಹಾರದ ತೀರ್ಮಾನ ಬೇರೆ ಕೋಣೆಯಲ್ಲಿ ಆಗುತ್ತಿತ್ತು. ಅದು ಕೈಕೊಟ್ಟ ಮೇಲೆ ಕಾಗದ ಇವರ ಮೇಜಿಗೆ ಬರುತ್ತಿತ್ತು. ಅಮೆರಿಕದಲ್ಲಿ ಈ ಪದ್ಧತಿ ಬದಲಾಗಲು ಶುರುವಾದದ್ದು ಬೇಗ. 1987ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯ ಕಾನೂನು ಅಧಿಕಾರಿಯಾದ ಬೆನ್ ಹೈನ್‌ಮನ್ ಹೊರಗಿನ ನುರಿತ ವಕೀಲರನ್ನೇ ಕಂಪನಿಯೊಳಗೆ ಕರೆತಂದರು. ದೊಡ್ಡ ತೀರ್ಮಾನ ಆಗುವಾಗಲೇ ಅವರು ಅಲ್ಲಿರಬೇಕು ಎಂಬ ರೂಢಿ ಬೆಳೆಯಿತು.

ನಮ್ಮಲ್ಲಿ ಈ ಬದಲಾವಣೆಯನ್ನು ಜಾಸ್ತಿ ತಂದದ್ದು ಕಾನೂನು ಇಟ್ಟಿರುವ ಗಡುವುಗಳು. ಕಂಪನಿಯ ಕಂಪ್ಯೂಟರಿಗೆ ಯಾರೋ ನುಗ್ಗಿದರು ಅಂದುಕೊಳ್ಳಿ. 2022ರ ನಿರ್ದೇಶನದ ಪ್ರಕಾರ, ಗೊತ್ತಾದ 6 ಗಂಟೆಯೊಳಗೆ ಸರ್ಕಾರದ ಸೈಬರ್ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು. ಷೇರುಪೇಟೆಯಲ್ಲಿರುವ ಕಂಪನಿಯಾದರೆ, ತನ್ನೊಳಗೆ ನಡೆದ ಮಹತ್ವದ ಸಂಗತಿಯನ್ನು 12 ಗಂಟೆಯೊಳಗೆ ಹೊರಗೆ ಹೇಳಬೇಕು, ಅದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ. ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಯಾಗುತ್ತವೆ. ಗ್ರಾಹಕರ ಮಾಹಿತಿ ಸೋರಿದರೆ 72 ಗಂಟೆಯೊಳಗೆ ವಿವರವಾದ ವರದಿ ಕೊಡಬೇಕು. ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. 6 ಗಂಟೆಯ ಗಡುವೆಂದರೆ, ರಾತ್ರಿ ಹನ್ನೊಂದಕ್ಕೆ ಗೊತ್ತಾದ ಸಂಗತಿಗೆ ಬೆಳಗಿನ ಐದರೊಳಗೆ ಕಾಗದ ಹೋಗಬೇಕು. ಏನು ಬರೆಯಬೇಕು, ಏನು ಬರೆಯಬಾರದು, ಯಾರ ಸಹಿ ಬೇಕು? ಹೊರಗಿನ ವಕೀಲರ ಆಫೀಸು ತೆರೆಯುವವರೆಗೆ ಕಾಯಲಿಕ್ಕೆ ಆಗುವುದಿಲ್ಲ. ಹಾಗಾಗಿ ಒಳಗಿನ ವಕೀಲರನ್ನು ಮೊದಲೇ ಕೂರಿಸಿಕೊಳ್ಳುವುದು ಕಂಪನಿಗಳಿಗೆ ಅನಿವಾರ್ಯವಾಯಿತು.

ಇದಕ್ಕೆ ಬೆಂಗಳೂರಿನ ಉದಾಹರಣೆಯೇ ಬೇಕಿಲ್ಲ, ಶಿರಸಿಯದೇ ಇದೆ. ದೇಶದ ಸಹಕಾರಿ ಸಂಘಗಳ ತೆರಿಗೆ ವಕೀಲರೆಲ್ಲ ಬಾಯಿಪಾಠ ಹೇಳುವ ಒಂದು ತೀರ್ಪು ನಮ್ಮ ಜಿಲ್ಲೆಯಿಂದ ಹೋದದ್ದು. ಟಿಎಸ್‌ಎಸ್ ಎಂದು ನಾವೆಲ್ಲ ಕರೆಯುವ, 1923ರಲ್ಲಿ ಹುಟ್ಟಿದ ತೋಟಗಾರ್ಸ್ ಸೇಲ್ ಸೊಸೈಟಿ ಮತ್ತು ಆದಾಯ ತೆರಿಗೆ ಇಲಾಖೆಯ ನಡುವಿನ ಪ್ರಕರಣ ಅದು. ಸದಸ್ಯರ ಅಡಿಕೆ ಮಾರಿ ಬಂದ ಹಣ ಅವರಿಗೆ ಕೊಡುವ ಮೊದಲು ಸಂಘದ ಕೈಯಲ್ಲಿ ಇರುತ್ತಿತ್ತು. ಆ ಹಣವನ್ನು ಸುಮ್ನೆ ಇಡುವ ಬದಲು ಅಲ್ಪಾವಧಿ ಠೇವಣಿಯಲ್ಲಿ ಹಾಕಿದರು. ಯಾರಾದರೂ ಮಾಡುವ ಕೆಲಸವೇ. ಆದರೆ ಆ ಬಡ್ಡಿ ಸಂಘದ ಮುಖ್ಯ ವ್ಯವಹಾರದ ಆದಾಯವೋ ಅಲ್ಲವೋ ಎಂಬ ಪ್ರಶ್ನೆ ಎದ್ದಿತು. ವ್ಯವಹಾರದ್ದಾದರೆ ಸಹಕಾರಿ ಸಂಘಗಳಿಗಿರುವ ವಿನಾಯಿತಿ ಸಿಗುತ್ತದೆ, ಅಲ್ಲದಿದ್ದರೆ ತೆರಿಗೆ ಕಟ್ಟಬೇಕು. 1990ರ ದಶಕದ ಲೆಕ್ಕದ ಈ ತಕರಾರು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2010ರ ಫೆಬ್ರವರಿಯಲ್ಲಿ ಕೋರ್ಟು ಅದು ‘ಇತರ ಮೂಲದ ಆದಾಯ’ ಎಂದಿತು, ವಿನಾಯಿತಿ ಇಲ್ಲ ಎಂದಿತು.

ಯಾರದ್ದೂ ತಪ್ಪು ಎಂದು ಇದನ್ನು ಹೇಳುತ್ತಿಲ್ಲ. ಆವತ್ತಿಗೆ ಕಾನೂನು ಅಷ್ಟು ಸ್ಪಷ್ಟ ಇರಲಿಲ್ಲ, ಸಂಘಕ್ಕೂ ಗಟ್ಟಿ ವಾದ ಇತ್ತು. ನಾನು ತೋರಿಸಬೇಕೆಂದದ್ದು ಬೇರೆ. ‘ಈ ಹಣ ನಾಲ್ಕು ದಿನ ಎಲ್ಲಿಡೋಣ’ ಎಂಬುದು ಅಕೌಂಟ್ಸ್ ವಿಭಾಗದ ಸಾಮಾನ್ಯ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಅದರೊಳಗೆ ವರ್ಷಗಟ್ಟಲೆ ಎಳೆಯುವ ಒಂದು ಕೇಸು ಅಡಗಿತ್ತು. ಇವತ್ತು ಯಾವುದೇ ಸಂಘ ಹಣ ಠೇವಣಿ ಇಡುವ ಮೊದಲು ಈ ತೀರ್ಪು ನೋಡದೆ ಮುಂದೆ ಹೋಗಬಾರದು. ಆ ಮಾತನ್ನು ಹಣ ಇಡುವ ದಿನವೇ ಹೇಳುವವರು ಬೇಕು. ನಿಮ್ಮ ಮಗಳ ಹೊಸ ಕೆಲಸ ಅದು. ಕಾರವಾರದಲ್ಲಿ ಅವಳು ವಾದಕ್ಕೆ ಕಲಿತದ್ದೂ ಇಲ್ಲಿ ವ್ಯರ್ಥವಾಗುವುದಿಲ್ಲ. ಎದುರಿನ ವಕೀಲ ಈ ಸಾಲನ್ನು ಹಿಡಿದು ಎಲ್ಲಿಗೆ ಎಳೆಯುತ್ತಾನೆ ಎಂಬ ಅಂದಾಜು ಕೋರ್ಟು ನೋಡಿದವರಿಗೇ ಚೆನ್ನಾಗಿರುತ್ತದೆ.

ಈಗ ನಿಮ್ಮ 90 ದಿನದ ಕರಾರು. ಅದನ್ನು ಎದುರು ಬದಿಯ ಮೇಜಿನಿಂದ ನೋಡಿ. ಮೊದಲಾದರೆ ಖರೀದಿ ವಿಭಾಗದವರು ‘90 ದಿನ ಹಾಕಿ’ ಅಂದರೆ ಲೀಗಲ್ ವಿಭಾಗದವರು ಹಾಕುತ್ತಿದ್ದರು. ಕುಮಟಾದ ಸಣ್ಣ ಕಾರ್ಖಾನೆಯವನು ಮುಂಬೈಗೆ ಬಂದು ಕೇಸು ಹಾಕುತ್ತಾನಾ ಎಂಬ ಧೈರ್ಯ. ಆದರೆ 2006ರ ಸಣ್ಣ ಉದ್ದಿಮೆಗಳ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ ಕೊಡಬೇಕಾದ ಹಣಕ್ಕೆ ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನವೇ ಗಡಿ. ದಾಟಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ತಕರಾರು ಇದ್ದರೆ ಇಂಥ ಬಾಕಿಯ ತಕರಾರು ನೋಡುವ, ನೀವು ಇರುವ ರಾಜ್ಯದ ಸೌಲಭ್ಯ ಮಂಡಳಿಗೇ ಹೋಗಬಹುದು. ಆ ಕಾಯ್ದೆ ಕರಾರಿನ ಮಾತಿಗಿಂತ ಮೇಲು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಇದರ ಮೇಲೆ, 2024-25ರ ಅಸೆಸ್‌ಮೆಂಟ್ ವರ್ಷದಿಂದ ಆದಾಯ ತೆರಿಗೆಯಲ್ಲಿ ಇನ್ನೊಂದು ಬಿಗಿ ಬಂತು: ಗಡುವಿನೊಳಗೆ ಕೊಡದಿದ್ದರೆ, ಕೊಳ್ಳುವ ಕಂಪನಿ ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು.

ಅಂದರೆ ಆ 90 ದಿನದ ಸಾಲು ನಿಮಗೆ ಅನ್ಯಾಯ, ಅದನ್ನು ಬರೆದ ಕಂಪನಿಗೂ ನಷ್ಟ. ಒಳ್ಳೆಯ ಒಳಗಿನ ವಕೀಲರು ಖರೀದಿ ಮ್ಯಾನೇಜರ್ ಎದುರು ಕೂತು, ಬಡ್ಡಿಯ ಲೆಕ್ಕ ಬರೆದು ತೋರಿಸಿ, ಆ ಸಾಲನ್ನು ಹೊಡೆದುಹಾಕಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ವಕೀಲಿಕೆಯೇ, ಒಂದು ಕೇಸು ಗೆದ್ದಷ್ಟೇ ಬೆಲೆಯುಳ್ಳದ್ದು. ಎಲ್ಲೂ ದಾಖಲಾಗುವುದಿಲ್ಲ, ಅಷ್ಟೇ.

ಸಂಬಳ ಕೊಡುವವನಿಗೆ ‘ಬೇಡ’ ಎನ್ನುವುದು ಹೇಗೆ? ಇಲ್ಲಿ ನಿಮ್ಮ ಅನುಮಾನವನ್ನು ನಾನು ಪೂರ್ತಿ ಒಪ್ಪುತ್ತೇನೆ. ಬೇಲೇಕೇರಿ ನಿಮಗೆ ಹೇಳಿಕೊಡಬೇಕಿಲ್ಲ. 2010ರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟ ಕಬ್ಬಿಣದ ಅದಿರು ಬಂದರಿನಿಂದಲೇ ಹಡಗು ಹತ್ತಿ ಹೋಯಿತು. ಅದರ ವ್ಯಾಜ್ಯ ಇಷ್ಟು ವರ್ಷ ಎಳೆದಿದೆ. ಅಂಥ ಸಾಗಣೆಯಲ್ಲಿ ಕೈಯಿಡುವ ಯಾವ ಕಂಪನಿಯಲ್ಲೇ ಆಗಲಿ, ಕಾಗದ ನೋಡಿ ‘ಇದು ಜಪ್ತಿ ಮಾಲು, ಲೋಡ್ ಮಾಡಬೇಡಿ’ ಎನ್ನುವವರು ಇರಬೇಕು. ಅವರ ಮಾತು ನಡೆಯಲೂ ಬೇಕು.

ನಮ್ಮ ಕಾನೂನು ಅವರಿಗೆ ಆ ಬಲ ಕೊಟ್ಟಿಲ್ಲ. 2013ರ ಕಂಪನಿ ಕಾಯ್ದೆಯಲ್ಲಿ ಪ್ರಮುಖ ಅಧಿಕಾರಿಗಳ ಪಟ್ಟಿ ಇದೆ. ಅದರಲ್ಲಿ ಕಂಪನಿ ಸೆಕ್ರೆಟರಿ ಇದ್ದಾರೆ, ಹಣಕಾಸು ಮುಖ್ಯಸ್ಥರಿದ್ದಾರೆ. ಕಾನೂನು ಮುಖ್ಯಸ್ಥರ ಹೆಸರು ಇಲ್ಲ. ವಂಚನೆ ಕಂಡರೆ ವರದಿ ಮಾಡುವ ಹೊಣೆಯನ್ನು ಆ ಕಾಯ್ದೆ ಆಡಿಟರ್ ಮೇಲೆ ಹೊರಿಸಿದೆ. ಒಳಗಿನ ವಕೀಲರಿಗೆ ಅಂಥ ಹೊಣೆಯೂ ಇಲ್ಲ, ಅದರ ಜೊತೆ ಬರುವ ರಕ್ಷಣೆಯೂ ಇಲ್ಲ. ಅಮೆರಿಕದಲ್ಲಿ ಎನ್ರಾನ್ ಕಂಪನಿ ಲೆಕ್ಕದ ವಂಚನೆಯಿಂದ ಮುಳುಗಿದ ಮೇಲೆ 2002ರಲ್ಲಿ ತಂದ ಕಾಯ್ದೆ, ಗಂಭೀರ ಅಕ್ರಮ ಕಂಡ ವಕೀಲರು ಮೇಲಿನವರಿಗೆ ತಿಳಿಸಬೇಕು, ಅವರು ಕೇಳದಿದ್ದರೆ ನಿರ್ದೇಶಕ ಮಂಡಳಿಯವರೆಗೆ ಹೋಗಬೇಕು ಎಂದು ದಾರಿ ಮಾಡಿತು. ಸತ್ಯಂ ಕಂಪ್ಯೂಟರ್ಸ್‌ನ ಲೆಕ್ಕದ ಹಗರಣ ಕಂಡ ನಾವು ಇಷ್ಟೊತ್ತಿಗೆ ಅಂಥದ್ದೊಂದು ಮಾಡಬೇಕಿತ್ತು. ಇದನ್ನು ಈ ಪತ್ರಿಕೆ ಮತ್ತೆ ಮತ್ತೆ ಕೇಳುತ್ತದೆ.

ಇನ್ನೊಂದು ಪೆಟ್ಟು ಇತ್ತೀಚಿನದು. ಕಕ್ಷಿದಾರ ಮತ್ತು ವಕೀಲರ ನಡುವಿನ ಮಾತು ಗುಟ್ಟಾಗಿರಬೇಕು ಎಂಬುದು ಹಳೆಯ ರಕ್ಷಣೆ. 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್, ಕಂಪನಿಯ ಸಂಬಳದ ವಕೀಲರು ಕೋರ್ಟಿನಲ್ಲಿ ವಕೀಲಿಕೆ ಮಾಡುವವರಲ್ಲವಾದ್ದರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನ ಆ ರಕ್ಷಣೆ ಅವರಿಗಿಲ್ಲ ಎಂದಿತು. ಅವರು ಕಂಪನಿಯ ಹೊರಗಿನ ವಕೀಲರ ಜೊತೆ ನಡೆಸುವ ಪತ್ರವ್ಯವಹಾರಕ್ಕೆ 134ನೇ ಕಲಮಿನ ರಕ್ಷಣೆ ಇದೆ. ತಮ್ಮ ಎಂ.ಡಿ. ಜೊತೆ ನಡೆಸುವುದಕ್ಕೆ ಇಲ್ಲ. ಸಂಬಳ ಪಡೆಯುವವರಿಗೆ ಹೊರಗಿನ ವಕೀಲರಷ್ಟು ಸ್ವಾತಂತ್ರ್ಯ ಇರುವುದಿಲ್ಲ ಎಂದು ಕೋರ್ಟು ಹೇಳುವುದರಲ್ಲಿ ತಥ್ಯ ಇದೆ. ಆದರೆ ಇದರಿಂದ ಒಳಗಿನವರು ಕಹಿ ಸತ್ಯವನ್ನು ಬರೆದಿಡಲು ಹಿಂಜರಿಯುತ್ತಾರೆ ಎಂಬ ಭಯ ನನಗಿದೆ. ಮಗಳಿಗೆ ಹೇಳಿ: ಸೂಕ್ಷ್ಮ ವಿಷಯಕ್ಕೆ ಹೊರಗಿನ ವಕೀಲರನ್ನು ಮೊದಲೇ ಸೇರಿಸಿಕೊಳ್ಳಲಿ. ಆದರೆ ‘ಬೇಡ’ ಎಂದ ಮಾತನ್ನು ಮಾತ್ರ ಬರವಣಿಗೆಯಲ್ಲೇ ಇಡಲಿ. ಬಾಯಿಮಾತಿನಲ್ಲಿ ಹೇಳಿದ ‘ಬೇಡ’ ನಾಳೆ ಅವಳ ನೆರವಿಗೆ ಬರುವುದಿಲ್ಲ.

ಕೆಲಸದಲ್ಲಿ ಇನ್ನೂ ಒಂದು ವಿಷಯ ಅವಳು ಈಗಲೇ ಕೇಳಿ ತಿಳಿಯಬೇಕು. ಅವಳ ವಿಭಾಗದ ಮುಖ್ಯಸ್ಥರು ಯಾರಿಗೆ ವರದಿ ಮಾಡುತ್ತಾರೆ? ಸೇಲ್ಸ್ ಅಥವಾ ಹಣಕಾಸು ವಿಭಾಗದ ಕೆಳಗಿದ್ದರೆ ಅವರ ಮಾತು ಅಲ್ಲೇ ನಿಲ್ಲುತ್ತದೆ. ಎಂ.ಡಿ.ಗೆ ನೇರವಾಗಿ, ಬೇಕಾದರೆ ಸ್ವತಂತ್ರ ನಿರ್ದೇಶಕರಿಗೂ ಹೇಳುವ ದಾರಿ ಇದ್ದರೆ ಅದು ನಿಜವಾದ ಕುರ್ಚಿ. ‘ನೀವು ವಕೀಲರಲ್ಲ, ವ್ಯವಹಾರದ ಪಾಲುದಾರರು’ ಎಂದು ಕಂಪನಿಗಳು ಈಗ ಹೊಗಳುತ್ತವೆ. ನನಗೆ ಈ ಮಾತು ಹಿಡಿಸುವುದಿಲ್ಲ. ವ್ಯವಹಾರ ಚೆನ್ನಾಗಿ ಗೊತ್ತಿರಬೇಕು, ಗೋದಾಮು, ಲೆಕ್ಕ, ಲಾರಿ ಎಲ್ಲ ನೋಡಿರಬೇಕು, ನಿಜ. ಆದರೆ ಟಾರ್ಗೆಟ್ ಮುಟ್ಟಿಸುವ ಜವಾಬ್ದಾರಿಯೂ ಅವಳದೇ ಆದರೆ, ತಡೆಯಬೇಕಾದ ದಿನ ತಡೆಯುವವರು ಯಾರು?

ವಾಪಸ್ ಬರುವ ಪ್ರಶ್ನೆಗೆ ಉತ್ತರ: ಬರಬಹುದು. ವಕೀಲರ ವೃತ್ತಿಯನ್ನು ನಿಯಂತ್ರಿಸುವ ಬಾರ್ ಕೌನ್ಸಿಲ್‌ನ 49ನೇ ನಿಯಮದಂತೆ ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದ ವಕೀಲರು ಅದನ್ನು ರಾಜ್ಯ ಬಾರ್ ಕೌನ್ಸಿಲ್‌ಗೆ ತಿಳಿಸಿ, ಆ ಕೆಲಸದಲ್ಲಿ ಇರುವಷ್ಟು ದಿನ ವಕೀಲಿಕೆ ನಿಲ್ಲಿಸಬೇಕು. ಅವಳು ತಿಳಿಸಿದ್ದಾಳಾ ಕೇಳಿ. ಇಲ್ಲದಿದ್ದರೆ ಈ ವಾರವೇ ಮಾಡಲಿ. ಕೆಲಸ ಬಿಟ್ಟ ಮೇಲೆ ಅರ್ಜಿ ಕೊಟ್ಟು ಮತ್ತೆ ಶುರುಮಾಡಬಹುದು. ಒಂದು ಎಚ್ಚರ ಬೇಕು: ನ್ಯಾಯಾಧೀಶೆ ಆಗುವ ಆಸೆ ಅವಳಿಗಿದ್ದರೆ, ಸಿವಿಲ್ ಜಡ್ಜ್ ಪರೀಕ್ಷೆಗೆ 3 ವರ್ಷದ ವಕೀಲಿಕೆ ಬೇಕೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕಡ್ಡಾಯ ಮಾಡಿದೆ. ಆ ತೀರ್ಪು ಲೆಕ್ಕಕ್ಕೆ ಹಿಡಿದದ್ದು ವಕೀಲಿಕೆಯನ್ನು, ಜೊತೆಗೆ ನ್ಯಾಯಾಧೀಶರ ಬಳಿ ಲಾ ಕ್ಲರ್ಕ್ ಆಗಿ ಮಾಡಿದ ಕೆಲಸವನ್ನು. ಕಂಪನಿ ನೌಕರಿಯ ಮಾತು ಅದರಲ್ಲಿಲ್ಲ. ಅವಳದ್ದು ಎರಡು ವರ್ಷ ಆಗಿದೆ.

ನಿಮ್ಮ ಕರಾರನ್ನು ಮಾತ್ರ ಅವಳ ಕೈಗೆ ಕೊಡಬೇಡಿ. ಈಗ ಅವಳು ನಿಮ್ಮ ಪರ ವಕಾಲತ್ತು ಹಾಕುವಂತಿಲ್ಲ. ಕುಮಟಾದಲ್ಲೇ ಒಬ್ಬ ವಕೀಲರಿಗೆ ತೋರಿಸಿ. ಹೋಗುವಾಗ ನಿಮ್ಮದು ಸಣ್ಣ ಉದ್ದಿಮೆ ಎಂದು ತೋರಿಸುವ ಉದ್ಯಮ್ ನೋಂದಣಿ ಪತ್ರ, ಬಾಕಿ ಇರುವ ಬಿಲ್ಲುಗಳು, ಮಾಲು ಮುಟ್ಟಿದ್ದಕ್ಕೆ ಅವರು ಸಹಿ ಮಾಡಿದ ಚಲನ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ. 45 ದಿನದ ಎಣಿಕೆ ಶುರುವಾಗುವುದು ಅವರು ಮಾಲು ಒಪ್ಪಿಕೊಂಡ ದಿನದಿಂದ.

– ಸಂಪಾದಕ