ತಲಾದಾಯ 3 ಲಕ್ಷ ದಾಟಿದೆಯಂತೆ, ನಮ್ಮ ಪಾಲು ಎಲ್ಲಿ?

ಓದುಗರ ಪ್ರಶ್ನೆಗೆ ಅರ್ಥಶಾಸ್ತ್ರ ಅಧ್ಯಾಪಕರ ಉತ್ತರ

ಕರ್ನಾಟಕದ ಕೆಲಸ, ಸಂಪಾದನೆ, ಬಡತನದ ಬಗ್ಗೆ ಬಂದ ಪತ್ರಗಳು ಈ ಸಲ ಜಾಸ್ತಿ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಕೆಲವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ರಾಜ್ಯದ ತಲಾದಾಯ ವರ್ಷಕ್ಕೆ 3 ಲಕ್ಷ ರೂಪಾಯಿ ದಾಟಿದೆ ಎಂದು ಪೇಪರಿನಲ್ಲಿ ಓದಿದೆ. ನಮ್ಮ ಮನೆಯಲ್ಲಿ ನಾಲ್ಕು ಜನ. ಅಂದರೆ 12 ಲಕ್ಷ ಬರಬೇಕಿತ್ತು. ನನ್ನದು ಸಣ್ಣ ಕಿರಾಣಿ ಅಂಗಡಿ, ಅದರ ಕಾಲು ಭಾಗವೂ ಬರುವುದಿಲ್ಲ. ಲೆಕ್ಕ ಸುಳ್ಳೋ, ನಮ್ಮ ಹಣೆಬರಹವೋ? — ಓದುಗರು, ದಾವಣಗೆರೆ

ಲೆಕ್ಕ ಸುಳ್ಳಲ್ಲ. ಆದರೆ ಆ 3 ಲಕ್ಷ ಯಾರ ಕೈಗೂ ಬಂದ ದುಡ್ಡಲ್ಲ. ರಾಜ್ಯದ ಗಡಿಯೊಳಗೆ ಒಂದು ವರ್ಷದಲ್ಲಿ ಆದ ಒಟ್ಟು ಉತ್ಪಾದನೆಯ ಬೆಲೆ ಹಿಡಿಯುತ್ತಾರೆ. ಯಂತ್ರ, ಕಟ್ಟಡಗಳ ಸವಕಳಿ ಕಳೆಯುತ್ತಾರೆ. ಉಳಿದದ್ದನ್ನು ಜನಸಂಖ್ಯೆಯಿಂದ ಭಾಗಿಸುತ್ತಾರೆ. ಅಷ್ಟೇ.

ಹಾಗಾಗಿ ವೈಟ್‌ಫೀಲ್ಡ್‌ನ ಕಂಪನಿಯೊಂದರ ಲಾಭ ಪೂರ್ತಿ ಇದರಲ್ಲಿ ಸೇರುತ್ತದೆ. ಅದರ ಷೇರುದಾರರು ಮುಂಬೈಯಲ್ಲಿರಲಿ, ಅಮೆರಿಕದಲ್ಲಿರಲಿ, ಹುಟ್ಟಿದ್ದು ಇಲ್ಲಿ ಎಂದು ನಮ್ಮ ಲೆಕ್ಕಕ್ಕೇ ಬರುತ್ತದೆ. ಉಲ್ಟಾ, ಉಡುಪಿಯ ಮನೆಗೆ ಮಗ ದುಬೈನಿಂದ ಕಳಿಸುವ ಹಣ ಸೇರುವುದಿಲ್ಲ. ಇನ್ನೂ ಒಂದು ತಮಾಷೆ ಇದೆ. ನೀವು ಸ್ವಂತ ಮನೆಯಲ್ಲಿದ್ದರೆ, ಅದನ್ನು ಬಾಡಿಗೆಗೆ ಕೊಟ್ಟಿದ್ದರೆ ಎಷ್ಟು ಬರುತ್ತಿತ್ತು ಎಂದು ಅಂದಾಜು ಮಾಡಿ ಅದನ್ನೂ ಆದಾಯಕ್ಕೆ ಕೂಡಿಸುತ್ತಾರೆ. ಆ ಬಾಡಿಗೆಯನ್ನು ನೀವು ಕಣ್ಣಲ್ಲೂ ಕಂಡಿರುವುದಿಲ್ಲ.

ಆದರೆ ನಿಮ್ಮ ಪ್ರಶ್ನೆಯ ತಿರುಳು ಬೇರೆ ಕಡೆ ಇದೆ. ದುಡ್ಡು ಹುಟ್ಟುವ ಜಾಗ ಒಂದು, ಜನ ದುಡಿಯುವ ಜಾಗ ಇನ್ನೊಂದು. ರಾಜ್ಯದ ಉತ್ಪನ್ನದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸೇವಾ ವಲಯದ್ದು. ಸಾಫ್ಟ್‌ವೇರ್, ಬ್ಯಾಂಕು, ವ್ಯಾಪಾರ, ಸಾರಿಗೆ, ರಿಯಲ್ ಎಸ್ಟೇಟ್ ಎಲ್ಲ ಇದರಲ್ಲೇ ಬರುತ್ತವೆ. ಬೆಂಗಳೂರು ನಗರ ಜಿಲ್ಲೆ ಒಂದರಿಂದಲೇ ಮೂರನೇ ಒಂದಕ್ಕಿಂತ ಹೆಚ್ಚು ಬರುತ್ತದೆ. ಕೃಷಿಯ ಪಾಲು ಆರರಲ್ಲಿ ಒಂದಕ್ಕಿಂತ ಕಡಿಮೆ. ಆದರೆ ದುಡಿಯುವ ಹತ್ತು ಜನರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಇರುವುದು ಅದೇ ಕೃಷಿಯಲ್ಲಿ. ಸಣ್ಣ ಪಾಲು, ದೊಡ್ಡ ಪಂಕ್ತಿ.

ಒಂದು ಸಂಖ್ಯೆ ನೋಡಿ. ಕೇಂದ್ರದ ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) 2018-19ರಲ್ಲಿ ರೈತ ಕುಟುಂಬಗಳ ಸಮೀಕ್ಷೆ ಮಾಡಿತ್ತು. ಕರ್ನಾಟಕದ ರೈತ ಕುಟುಂಬವೊಂದರ ಸರಾಸರಿ ಆದಾಯ ತಿಂಗಳಿಗೆ 13,441 ರೂಪಾಯಿ. ಬೆಳೆ, ಹೈನು, ಕೂಲಿ, ಸಣ್ಣ ವ್ಯಾಪಾರ ಎಲ್ಲ ಸೇರಿ. ವರ್ಷಕ್ಕೆ ಸುಮಾರು 1.6 ಲಕ್ಷ, ಅದೂ ಇಡೀ ಮನೆಗೆ. ಆ ವರ್ಷ ರಾಜ್ಯದ ತಲಾದಾಯ, ಅಂದರೆ ಒಬ್ಬರ ಲೆಕ್ಕ, 2 ಲಕ್ಷದ ಆಸುಪಾಸಿನಲ್ಲಿತ್ತು. ಅದೇ ಸಮೀಕ್ಷೆಯ ಪ್ರಕಾರ ಪ್ರತಿ ರೈತ ಕುಟುಂಬದ ತಲೆ ಮೇಲೆ ಸರಾಸರಿ 1.26 ಲಕ್ಷ ರೂಪಾಯಿ ಸಾಲವೂ ಇತ್ತು.

ನಿಮ್ಮ ಸ್ಥಿತಿ ಹೋಲಿಸಿ ನೋಡಬೇಕೆಂದರೆ ತಲಾದಾಯ ಬಿಟ್ಟು ಮನೆ ಖರ್ಚಿನ ಸಮೀಕ್ಷೆ ಹಿಡಿಯಿರಿ. 2023-24ರಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 4,903 ರೂಪಾಯಿ, ಪಟ್ಟಣಗಳಲ್ಲಿ 8,076. ನಾಲ್ಕು ಜನರ ಪಟ್ಟಣದ ಮನೆ ಎಂದರೆ ವರ್ಷಕ್ಕೆ 3.9 ಲಕ್ಷದಷ್ಟಾಯಿತು. ಇದಕ್ಕೆ ಹೋಲಿಸಿದರೂ ನೀವು ಸರಾಸರಿಗಿಂತ ಕೆಳಗೇ ಇದ್ದೀರಿ. ಆದರೆ 12 ಲಕ್ಷದ ಮುಂದೆ ನಿಂತಷ್ಟು ಕೆಳಗಲ್ಲ. ಮತ್ತೆ ಆ ಪಟ್ಟಣದ ಸರಾಸರಿಯನ್ನು ಮೇಲಕ್ಕೆ ಎಳೆಯುವುದರಲ್ಲಿ ಬೆಂಗಳೂರಿನ ಕೈ ದೊಡ್ಡದು, ಅದನ್ನೂ ಮರೆಯಬೇಡಿ.

ಪ್ರಶ್ನೆ: ಮಗ ಎಂ.ಎ. ಮುಗಿಸಿ ಮನೆಯಲ್ಲಿದ್ದಾನೆ. ಅವನ ಗೆಳೆಯರೂ ಹಾಗೇ. ಹೀಗಿರುವಾಗ ಕರ್ನಾಟಕದಲ್ಲಿ ನಿರುದ್ಯೋಗ ಶೇ 3 ಕೂಡ ಇಲ್ಲ ಎನ್ನುತ್ತಾರಲ್ಲ, ಇದು ಹೇಗೆ ಸಾಧ್ಯ? — ಓದುಗರು, ಹಾಸನ ಜಿಲ್ಲೆ

ಇದು ಸಮೀಕ್ಷೆಯವರು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಯಲ್ಲೇ ಇದೆ. 2017ರಿಂದ ಕೇಂದ್ರ ಸರ್ಕಾರ ಪಿಎಲ್‌ಎಫ್‌ಎಸ್ ಎಂಬ ಸಮೀಕ್ಷೆ ನಡೆಸುತ್ತಿದೆ. ನಿರುದ್ಯೋಗದ ಅಧಿಕೃತ ಸಂಖ್ಯೆ ಬರುವುದು ಅದರಿಂದ.

ಗಣತಿದಾರರು ನಿಮ್ಮ ಊರಿನ ಒಂದು ಮನೆಗೆ ಹೋದರು ಅಂದುಕೊಳ್ಳಿ. 'ಏನು ಕೆಲಸ ಮಾಡ್ತೀರಮ್ಮ?' ಎಂದರೆ ಮನೆಯಾಕೆ 'ನಾನೇನು ಮಾಡ್ತೀನಿ, ಮನೇಲೇ ಇರೋದು' ಎನ್ನುತ್ತಾರೆ. ಹುಷಾರಾದ ಗಣತಿದಾರ ಅಲ್ಲಿಗೇ ಬಿಡುವುದಿಲ್ಲ. ಹಸು ಉಂಟಾ? ಹಾಲು ಕರೆಯೋದು ಯಾರು? ಡೇರಿಗೆ ಹಾಕೋದು ಯಾರು? ಎಲ್ಲ ಅವರೇ. ಹಾಗಾದರೆ ಅವರು ಉದ್ಯೋಗಸ್ಥರು. ಅಪ್ಪನ ಅಂಗಡಿಯಲ್ಲಿ ಸಂಬಳವಿಲ್ಲದೆ ಕೂರುವ ಮಗನೂ ಉದ್ಯೋಗಸ್ಥನೇ. ಅಡುಗೆ, ಮಕ್ಕಳ ಆರೈಕೆ, ಸೌದೆ ತರುವುದು ಮಾತ್ರ ಕೆಲಸದ ಲೆಕ್ಕಕ್ಕಿಲ್ಲ. ಇದರ ಬಗ್ಗೆ ನನಗೆ ತಕರಾರಿದೆ, ಆದರೆ ನಿಯಮ ಇರುವುದೇ ಹಾಗೆ.

ವಾರದ ಲೆಕ್ಕದಲ್ಲಂತೂ ಕಳೆದ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ಕೆಲಸ ಮಾಡಿದ್ದರೆ ಸಾಕು, ನಿರುದ್ಯೋಗಿಯಲ್ಲ. ವರ್ಷದ ಲೆಕ್ಕದಲ್ಲಿ 30 ದಿನ ಮಾಡಿದ್ದರೂ ಉದ್ಯೋಗಿ. ನಿಮ್ಮ ಮಗ ಮೆಣಸಿನ ಕೊಯ್ಲಿಗೆ ಒಂದೂವರೆ ತಿಂಗಳು ತೋಟಕ್ಕೆ ಹೋಗಿದ್ದರೆ ಆತ ಪಟ್ಟಿಯಿಂದ ಆಚೆ. 'ಕೆಲಸ ಹುಡುಕಿ ಸಾಕಾಯ್ತು, ಇನ್ನು ಕೆಲಸವೇ ಬೇಡ' ಎಂದರೂ ಆಚೆ. ಕೆಲಸ ಇಲ್ಲ, ಆದರೆ ಕೆಲಸಕ್ಕೆ ತಯಾರಿದ್ದಾನೆ ಅಥವಾ ಹುಡುಕುತ್ತಿದ್ದಾನೆ ಎಂದವನು ಮಾತ್ರ ನಿರುದ್ಯೋಗಿ.

ಅದಕ್ಕೇ ಈ ಸಂಖ್ಯೆ ಕಡಿಮೆ ಇದ್ದರೆ ಖುಷಿಪಡಬೇಕಿಲ್ಲ. 2023-24ರಲ್ಲಿ ಕೇರಳದ ನಿರುದ್ಯೋಗ ಶೇ 7.2, ಮಧ್ಯಪ್ರದೇಶದ್ದು ಬರೀ ಶೇ 1. ಕೇರಳಕ್ಕಿಂತ ಮಧ್ಯಪ್ರದೇಶದ ಜನ ಸುಖವಾಗಿದ್ದಾರೆ ಎಂದು ಯಾರಾದರೂ ಹೇಳುತ್ತಾರಾ? ಸುಮ್ನೆ ಮನೆಯಲ್ಲಿ ಕೂತು ಒಳ್ಳೆ ಕೆಲಸಕ್ಕೆ ಕಾಯಲು ಹಿಂದೆ ಒಂದಿಷ್ಟು ಆಸರೆ ಬೇಕು. ಹೊಟ್ಟೆಪಾಡಿನವರು ಕಾಯುವುದಿಲ್ಲ, ಸಿಕ್ಕಿದ ಕೂಲಿಗೆ ಹೋಗುತ್ತಾರೆ. ಓದಿದ ಯುವಕರಲ್ಲಿ ನಿರುದ್ಯೋಗ ಜಾಸ್ತಿ ಕಾಣುವುದು ಇದೇ ಕಾರಣಕ್ಕೆ. ನೀವು ಕೇಳಬೇಕಾದ್ದು 'ಎಷ್ಟು ಜನಕ್ಕೆ ಕೆಲಸ ಇದೆ' ಎಂದಲ್ಲ. 'ಎಷ್ಟು ಜನಕ್ಕೆ ತಿಂಗಳ ಸಂಬಳ ಇದೆ, ಪಿಎಫ್ ಇದೆ, ನೇಮಕದ ಕಾಗದ ಇದೆ' ಎಂದು. ಅದೇ ಸಮೀಕ್ಷೆಯಲ್ಲಿ ಈ ಕೋಷ್ಟಕಗಳೂ ಇವೆ. ಪೇಪರಿನವರು ಅಲ್ಲಿಯವರೆಗೆ ಹೋಗುವುದು ಕಡಿಮೆ.

ಮಗನಿಗೆ ಯುವನಿಧಿ ಅನ್ವಯಿಸಬಹುದು. ಪಾಸಾಗಿ 180 ದಿನ ಕಳೆದೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಆತ ಪಾಸಾದ ವರ್ಷ ಯೋಜನೆಯಡಿ ಬರುತ್ತದಾ ಎಂದು ಸೇವಾಸಿಂಧುವಿನಲ್ಲಿ ನೋಡಿ.

ಪ್ರಶ್ನೆ: ನಾನು ತಾಂಡಾವೊಂದರ ಶಾಲೆಯಲ್ಲಿ ಶಿಕ್ಷಕ. ದೀಪಾವಳಿ ಆದ ಮೇಲೆ ಅರ್ಧ ತರಗತಿ ಖಾಲಿ. ಅಪ್ಪ ಅಮ್ಮನ ಜೊತೆ ಗುಳೆ ಹೋಗುತ್ತಾರೆ. ರಾಜ್ಯದಲ್ಲಿ ಬಡತನ ಶೇ 8ಕ್ಕಿಂತ ಕೆಳಗಿಳಿದಿದೆ ಎನ್ನುವ ವರದಿಯಲ್ಲಿ ಈ ಮಕ್ಕಳು ಇದ್ದಾರಾ? — ಓದುಗರು, ಯಾದಗಿರಿ ಜಿಲ್ಲೆ

ಅರ್ಧ ಇದ್ದಾರೆ ಸರ್.

ನೀವು ಹೇಳುವುದು ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕ. 2023ರ ವರದಿ ಪ್ರಕಾರ ಕರ್ನಾಟಕದಲ್ಲಿ ಬಡವರ ಪ್ರಮಾಣ ಶೇ 12.77ರಿಂದ 7.58ಕ್ಕೆ ಇಳಿದಿದೆ. ಹೋಲಿಸಿದ್ದು 2015-16 ಮತ್ತು 2019-21ರ ಕುಟುಂಬ ಆರೋಗ್ಯ ಸಮೀಕ್ಷೆಗಳನ್ನು. ಜಿಲ್ಲೆಗಳಲ್ಲಿ ಬಡತನ ಅತಿ ಹೆಚ್ಚು ಇರುವುದು ನಿಮ್ಮ ಯಾದಗಿರಿಯಲ್ಲೇ. ಅಷ್ಟರಮಟ್ಟಿಗೆ ವರದಿ ಸುಳ್ಳು ಹೇಳಿಲ್ಲ.

ಈ ಸೂಚ್ಯಂಕ 12 ವಿಷಯ ನೋಡುತ್ತದೆ. ಪೌಷ್ಟಿಕತೆ, ಮಕ್ಕಳ ಸಾವು, ತಾಯಂದಿರ ಆರೈಕೆ, ಎಷ್ಟು ವರ್ಷ ಓದಿದ್ದಾರೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರಾ, ಒಲೆ ಯಾವುದು, ಶೌಚಾಲಯ, ನೀರು, ಕರೆಂಟು, ಮನೆ, ಸಾಮಾನು, ಬ್ಯಾಂಕ್ ಖಾತೆ. ಎಲ್ಲ ಮುಖ್ಯವೇ. ಆದರೆ ಸಂಪಾದನೆ ಎಷ್ಟು, ಕೆಲಸ ಎಷ್ಟು ದಿನ ಸಿಕ್ಕಿತು, ಮೇಸ್ತ್ರಿ ಹತ್ತಿರ ಎಷ್ಟು ಮುಂಗಡ ತಂದಿದ್ದೀರಿ ಎಂಬ ಪ್ರಶ್ನೆ ಅದರಲ್ಲಿಲ್ಲ. ಮನೆಗೆ ಕರೆಂಟು ಬಂತು, ಶೌಚಾಲಯ ಕಟ್ಟಿಸಿದರು, ಖಾತೆ ತೆರೆದರು, ಗ್ಯಾಸ್ ಬಂತು. ಈ ಮನೆ ಬಡತನದಿಂದ ಆಚೆ ಬರಬಹುದು. ಅದೇ ಮನೆಗೆ ಬೀಗ ಹಾಕಿ ಐದು ತಿಂಗಳು ಬೆಂಗಳೂರಿನ ಕಟ್ಟಡದ ಪಕ್ಕದ ಶೀಟ್ ಶೆಡ್ಡಿನಲ್ಲಿ ಇರುವುದು ಲೆಕ್ಕಕ್ಕೆ ಬರದೇ ಹೋಗಬಹುದು. ಮೇಲಾಗಿ ಸಮೀಕ್ಷೆ ಮನೆ ಬಾಗಿಲಿಗೆ ಬರುತ್ತದೆ. ಬೀಗ ಇದ್ದರೆ ಏನು ಕೇಳುವುದು, ಯಾರನ್ನು ಕೇಳುವುದು?

ಊರಲ್ಲೇ ನರೇಗಾ ಇತ್ತಲ್ಲ, ಯಾಕೆ ಹೋಗುತ್ತಾರೆ ಎಂದು ಬೆಂಗಳೂರಿನವರು ಕೇಳುತ್ತಾರೆ. 2025-26ಕ್ಕೆ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಎಂದು ನಿಗದಿಯಾಗಿತ್ತು. ಕಾಗದದ ಮೇಲೆ ಕೆಟ್ಟದ್ದಲ್ಲ. ಆದರೆ ಕೂಲಿ ಖಾತೆಗೆ ಬೀಳುವುದು ವಾರಗಟ್ಟಲೆ ತಡವಾಗುತ್ತಿತ್ತು. ಮೇಸ್ತ್ರಿ ಮುಂಗಡವನ್ನು ಮೊದಲೇ ಕೈಗೆ ಇಡುತ್ತಾನೆ, ಅದೂ ಮದುವೆಗೋ ಆಸ್ಪತ್ರೆಗೋ ಬೇಕಾದಾಗ. ಆಮೇಲೆ ಗಂಡ ಹೆಂಡತಿ ಇಬ್ಬರೂ ಅದನ್ನು ದುಡಿದು ತೀರಿಸಬೇಕು. ತೊಗರಿ, ಹತ್ತಿ ಮುಗಿದ ಮೇಲೆ ಒಣಭೂಮಿಯಲ್ಲಿ ಇನ್ನೇನೂ ಕೆಲಸ ಉಳಿಯುವುದಿಲ್ಲ ಎನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಇದೇನು ಹೊಸದಾಗಿ ಕಂಡ ವಿಷಯವಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತ್ತು. ಆ 39ರಲ್ಲಿ 21 ಕಲಬುರಗಿ ವಿಭಾಗದವು. ಆ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು, ಪ್ರತ್ಯೇಕ ಮಂಡಳಿ ಬಂತು, ಹಣವೂ ಬಂತು. ರಸ್ತೆ, ಕಟ್ಟಡ ಆದವು. ವರ್ಷಪೂರ್ತಿ ಕೂಲಿ ಕೊಡುವ ಕೆಲಸ ಮಾತ್ರ ಆ ಪ್ರಮಾಣದಲ್ಲಿ ಬರಲಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಒಂದು ಕೆಲಸ ನಿಮ್ಮ ಕೈಯಲ್ಲಿದೆ. ಸಮಗ್ರ ಶಿಕ್ಷಣದಡಿ ಋತುಮಾನದ ವಸತಿ ನಿಲಯಕ್ಕೆ ಅವಕಾಶವಿದೆ. ಅಪ್ಪ ಅಮ್ಮ ಹೋದರೂ ಮಕ್ಕಳು ಊರಲ್ಲೇ ಉಳಿದು ಓದಬಹುದು. ಯಾವ ಮನೆಯವರು ಯಾವ ತಿಂಗಳು ಹೋಗುತ್ತಾರೆ ಎಂಬ ಪಟ್ಟಿ ಮಾಡಿ, ದಸರಾ ರಜೆಗೆ ಮುಂಚೆಯೇ ಬಿಇಒ ಕಚೇರಿಗೆ ಕೊಡಿ. ಹೋದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ.

ಪ್ರಶ್ನೆ: ಗಂಡ ಇಲ್ಲ. ನಾನು ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್. ಮಗ ಬೈಕ್ ಸಾಲಕ್ಕೆಂದು ಐಟಿ ರಿಟರ್ನ್ ಹಾಕಿದ. ಈಗ ನಮ್ಮ ಬಿಪಿಎಲ್ ಕಾರ್ಡ್ ಪರಿಶೀಲನೆಯಲ್ಲಿದೆ ಅಂತಾರೆ. ನಾವು ಬಡವರಲ್ವಾ? — ಓದುಗರು, ಪೀಣ್ಯ

ರಿಟರ್ನ್ ಹಾಕುವುದು ಬೇರೆ, ತೆರಿಗೆ ಕಟ್ಟುವುದು ಬೇರೆ ಅಮ್ಮ. ಮಗನ ರಿಟರ್ನ್‌ನಲ್ಲಿ ಕಟ್ಟಿದ ತೆರಿಗೆ ಸೊನ್ನೆ ಇದ್ದರೆ ಅದರ ಪ್ರಿಂಟ್, ನಿಮ್ಮಿಬ್ಬರ ಸಂಬಳದ ಚೀಟಿ, ಆಧಾರ್ ತೆಗೆದುಕೊಂಡು ನಿಮ್ಮ ವಲಯದ ಆಹಾರ ಇಲಾಖೆ ಕಚೇರಿಗೆ ಅರ್ಜಿ ಕೊಡಿ. ಸ್ವೀಕೃತಿ ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ.

ಒಂದು ವಿಷಯ ಮುಚ್ಚಿಡುವುದಿಲ್ಲ. ನಿಯಮದಲ್ಲಿ ಕುಟುಂಬದ ಆದಾಯ ವರ್ಷಕ್ಕೆ 1.2 ಲಕ್ಷದೊಳಗೆ ಇರಬೇಕು, ಅಂದರೆ ತಿಂಗಳಿಗೆ 10 ಸಾವಿರ. ಬೆಂಗಳೂರಿನಲ್ಲಿ ಕನಿಷ್ಠ ಕೂಲಿಯೇ ಅದನ್ನು ದಾಟಿದೆ. ಕಟ್ಟುನಿಟ್ಟಾಗಿ ನೋಡಿದರೆ ಪಿಎಫ್ ಇರುವ ಯಾವ ಕಾರ್ಮಿಕರಿಗೂ ಕಾರ್ಡ್ ಸಿಗಬಾರದು. ಮಿತಿಯೇ ಹಳೆಯದಾಗಿದೆ. ಅದನ್ನು ಬದಲಿಸದೆ ಕಾರ್ಡ್ ಜರಡಿ ಹಿಡಿದರೆ ಸಂಬಳದ ಚೀಟಿ ಇರುವ ಬಡವರು ಮೊದಲು ಸಿಕ್ಕಿಬೀಳುತ್ತಾರೆ, ಚೀಟಿಯೇ ಇಲ್ಲದ ಸಾಹುಕಾರರು ತಪ್ಪಿಸಿಕೊಳ್ಳುತ್ತಾರೆ.

ಪ್ರಶ್ನೆ: ಗೃಹಲಕ್ಷ್ಮಿಯ 2,000 ರೂಪಾಯಿಯಿಂದ ಬಡತನ ಹೋಗುತ್ತದಾ? ಜನ ಸೋಮಾರಿಗಳಾಗಿದ್ದಾರೆ, ಆಳು ಸಿಗುತ್ತಿಲ್ಲ. — ಓದುಗರು, ಚಿಕ್ಕಮಗಳೂರು

ಹೋಗುವುದಿಲ್ಲ, ಹಗುರವಾಗುತ್ತದೆ. ಹಳ್ಳಿಯ ಸರಾಸರಿ ಖರ್ಚಿನ ಲೆಕ್ಕದಲ್ಲಿ ನಾಲ್ಕು ಜನರ ಮನೆಗೆ ತಿಂಗಳಿಗೆ 19,600 ರೂಪಾಯಿಯಷ್ಟು ಬೇಕು. 2,000 ಅದರ ಹತ್ತನೇ ಒಂದು ಪಾಲು. ತೀರಾ ಬಡ ಮನೆಗಳಲ್ಲಿ ಇದರ ತೂಕ ಇನ್ನೂ ಜಾಸ್ತಿ. ದಿನಕ್ಕೆ 67 ರೂಪಾಯಿ ಬಂತು ಎಂದು ಯಾರೂ ಕೂಲಿ ಬಿಡುವುದಿಲ್ಲ. ಕಡಿಮೆ ಕೂಲಿಗೆ, ಬೈಗುಳ ಕೇಳಿಕೊಂಡು ಬರುವುದಿಲ್ಲ ಎನ್ನುವ ಧೈರ್ಯ ಮಾತ್ರ ಬಂದಿರಬಹುದು. ಆಳು ಸಿಗದ ಕಷ್ಟ ಕಾಫಿ ಸೀಮೆಯಲ್ಲಿ ಗ್ಯಾರಂಟಿಗಳಿಗಿಂತ ಬಹಳ ಹಿಂದಿನದು, ನಿಮಗೂ ಗೊತ್ತು.

ಪ್ರಶ್ನೆ: ನಮ್ಮ ತಾಲ್ಲೂಕಿನ ಅಂಕಿಅಂಶ ಎಲ್ಲಿ ಸಿಗುತ್ತದೆ? — ಓದುಗರು, ಸಿಂಧನೂರು

ಬಜೆಟ್ ಹೊತ್ತಿಗೆ ರಾಜ್ಯ ಸರ್ಕಾರ ಹೊರತರುವ ಆರ್ಥಿಕ ಸಮೀಕ್ಷೆಯಲ್ಲಿ ಜಿಲ್ಲಾವಾರು ಆದಾಯ ಇರುತ್ತದೆ, ಕನ್ನಡದಲ್ಲೂ ಸಿಗುತ್ತದೆ. ತಾಲ್ಲೂಕಿಗೆ ಜಿಲ್ಲಾ ಸಾಂಖ್ಯಿಕ ಕಚೇರಿಯ 'ಜಿಲ್ಲಾ ಅಂಕಿ ಅಂಶಗಳ ನೋಟ' ಕೇಳಿ. ಆದರೆ ಅದರಲ್ಲಿ ಯಾರು ಸಾಗುವಳಿದಾರ, ಯಾರು ಕೃಷಿ ಕೂಲಿ ಎಂಬ ಕೋಷ್ಟಕದ ವರ್ಷ ನೋಡಿಕೊಳ್ಳಿ. ಅದು 2011ರ ಜನಗಣತಿಯದ್ದು. 2021ರಲ್ಲಿ ಗಣತಿ ನಡೆಯಲಿಲ್ಲ. ಮುಂದಿನದು 2027ರ ಗಣತಿ. ಅದರ ತಾಲ್ಲೂಕುವಾರು ಸಂಖ್ಯೆಗಳು ಹೊರಬರುವವರೆಗೆ ನಿಮ್ಮ ಊರಲ್ಲಿ ಯಾರು ಏನು ದುಡಿಯುತ್ತಾರೆ ಎಂಬ ಸರ್ಕಾರಿ ಚಿತ್ರ ಹದಿನೈದು ವರ್ಷ ಹಳೆಯದೇ.